ಸತ್ತ ಕೋತಿಗಳು: ಇಲ್ಲ

ಮದರಾಸು
೧೨-೧-೧೯೮೧

ಪ್ರೀತಿಯ ಮಾವ,

ನಮಸ್ಕಾರ. ಅವ್ವನ ಕೈಲಿ ನೀವು ಕೊಟ್ಟು ಕಳಿಸಿದ್ದ ಕೊಬ್ಬರಿ ಬಂತು. ಹಾಸ್ಟೆಲಿನ ಹುಡುಗಿಯರು ಎರಡೇ ದಿನದಲ್ಲಿ ಮುಗಿಸಿದರು. ಸಿಂಗಟಗೆರೆ ಎಲ್ಲಿದೆ ಎಂದು ಈಗ ಇಲ್ಲಿ ಎಲ್ಲರಿಗೂ ಗೊತ್ತು.

ಇವತ್ತು ಬರೆಯುತ್ತಿರುವುದು ನಿಮ್ಮ ಅಕ್ಕನ ಮಗಳಾಗಿ ಅಲ್ಲ, ಆಸ್ಪತ್ರೆಯ ಪ್ರಾಣಿಮನೆ ನೋಡಿಕೊಳ್ಳುವ ವೆಟರ್ನರಿ ಡಾಕ್ಟರಾಗಿ. ನಮ್ಮಲ್ಲಿದ್ದ ಕೋತಿಗಳೆಲ್ಲ ಹೋದ ತಿಂಗಳು ಕ್ಷಯ ತಗುಲಿ ಸತ್ತವು. ಹತ್ತು ಕೋತಿ ಬೇಕು. ಅರಣ್ಯ ಇಲಾಖೆಯ ಪರವಾನಗಿ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ತೆಂಗಿನ ತೋಟದಲ್ಲಿ ಅವುಗಳ ಕಾಟ ಎಷ್ಟೆಂದು ಅವ್ವ ಹೇಳುತ್ತಲೇ ಇರುತ್ತಾಳೆ. ನಿಮಗೂ ಪೀಡೆ ತೊಲಗಿದ ಹಾಗಾಯಿತು, ನನಗೂ ಕೆಲಸವಾಯಿತು.

ಒಂದೇ ಕಟ್ಟುನಿಟ್ಟು. ಬಯಲು ಕಡೆಯ ಕೋತಿಗಳೇ ಆಗಬೇಕು. ತರೀಕೆರೆ ದಾಟಿ ಲಕ್ಕವಳ್ಳಿ ಕಾಡಿನ ಕಡೆಯವು ಬೇಡವೇ ಬೇಡ. ಅವುಗಳಲ್ಲಿ ಮಂಗನ ಕಾಯಿಲೆಯ ವೈರಸ್ ಇರಬಹುದು. ಕೋತಿ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ಸಿಕ್ಕವರನ್ನು ಕಚ್ಚುತ್ತದೆ, ಜ್ವರ ಅಲ್ಲಿಂದ ಜನಕ್ಕೆ. ಆದ್ದರಿಂದ ಎಲ್ಲಾದರೂ ಒಂದು ಕೋತಿ ಸತ್ತಿದ್ದರೂ ಸಾಕು, ಆ ಸುತ್ತಿನ ಕೋತಿಯನ್ನು ನಾನು ಮುಟ್ಟುವುದಿಲ್ಲ. ಇಲ್ಲಿಗೆ ಬಂದ ಮೇಲೂ ನಲವತ್ತು ದಿನ ಬೇರೆ ಕೋಣೆಯಲ್ಲಿಟ್ಟು, ರಕ್ತವನ್ನು ಪುಣೆಗೆ ಪರೀಕ್ಷೆಗೆ ಕಳಿಸಿ, ಉತ್ತರ ಬಂದ ಮೇಲೇ ಒಳಗೆ ಬಿಡುವುದು. ಈ ನಿಯಮ ಮಾಡಿಸಿದವಳು ನಾನೇ. ದೊಡ್ಡ ಡಾಕ್ಟರು ನನ್ನನ್ನು "ಮಡಿ ಹೆಂಗಸು" ಎಂದು ರೇಗಿಸುತ್ತಾರೆ.

ಒಂದು ನಮೂನೆ ಇಟ್ಟಿದ್ದೇನೆ, ತುಂಬಿಸಿ ಕೊಡಿ. ಪಟೇಲರಾಗಿದ್ದಾಗ ಇಪ್ಪತ್ತು ವರ್ಷ ಊರಿನ ಜನನ ಮರಣದ ರಿಜಿಸ್ಟರ್ ಬರೆದವರು ನೀವು. ನಿಮ್ಮ ಕೈಬರಹ ಕಂಡರೆ ಅಮಲ್ದಾರರೇ ಮರುಮಾತಾಡದೆ ಸಹಿ ಹಾಕುತ್ತಿದ್ದರಂತೆ. ನನಗೂ ಅಷ್ಟು ಸಾಕು.

ನಿಮ್ಮ
ಪಂಕಜಾಕ್ಷಿ


ಹಾಲುಕಟ್ಟೆ, ಸಿಂಗಟಗೆರೆ ಅಂಚೆ
೨೫-೧-೧೯೮೧

ಚಿರಂಜೀವಿ ಪಂಕಜಾಕ್ಷಿಗೆ ನಿನ್ನ ಮಾವ ಮಲ್ಲಿಕಾರ್ಜುನಪ್ಪನ ಆಶೀರ್ವಾದ. ಇಲ್ಲಿ ನಾವು ಕ್ಷೇಮ, ತೆಂಗು ಮಾತ್ರ ಕ್ಷೇಮವಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಊರೆಲ್ಲ ಡಾಕ್ಟರ್ ಓದಿದ ಹುಡುಗಿಗೆ ವರ ಹುಡುಕುತ್ತದೆ, ನಾನು ಡಾಕ್ಟರಿಗೆ ಕೋತಿ ಹುಡುಕಬೇಕು. ಇರಲಿ. ಈ ವರ್ಷ ಕೋತಿಗಳಿಗೆ ಬರವಿಲ್ಲ. ಮಾರ್ನಮಿ ಆದ ಮೇಲೆ ಹೊಸ ಗುಂಪೊಂದು ಸೇರಿಕೊಂಡು ಎಳನೀರಿನ ಗೊನೆ ಒಂದನ್ನೂ ಬಿಟ್ಟಿಲ್ಲ. ಎಲ್ಲಿಂದ ಬಂದವೋ ಆ ಹನುಮಂತನಿಗೇ ಗೊತ್ತು.

ಊರವರನ್ನು ಕೇಳದೆ ಕೋತಿಗೆ ಬೋನು ಇಡುವ ಹಾಗಿಲ್ಲವಲ್ಲ, ಆಂಜನೇಯನ ಗುಡಿ ಮುಂದೆ ಸೇರಿಸಿ ಹೇಳಿದೆ. ಸೂಲಗಿತ್ತಿ ಈರಕ್ಕ ನಿನಗೆ ನೆನಪಿದ್ದಾಳಲ್ಲ, ನಿನ್ನನ್ನು ಎತ್ತಿದವಳು. ಅವಳು ಎದ್ದು ನಿಂತು, "ಕೊಯ್ಯಕ್ಕೆ ಅಂದ್ರೆ ಕೊಡಲ್ಲ ಕಣ್ರೀ ಪಟೇಲ್ರೆ. ತೆಂಗು ಹೋದ್ರೆ ಹೋಯ್ತು. ಪಂಕಜಿ ಏನ್ ಮಾಡ್ತಾಳಂತೆ ಕೇಳಿ ಮೊದ್ಲು," ಅಂದಳು. ಉಳಿದವರೂ ಹೂಂಗುಟ್ಟಿದರು. ನಾನು ನಿನ್ನ ಪರವಾಗಿ ಗುಡಿಯ ಗಂಟೆ ಮುಟ್ಟಿ ಮಾತು ಕೊಟ್ಟಿದ್ದೇನೆ, ಜೀವಕ್ಕೆ ಅಪಾಯವಿಲ್ಲ ಅಂತ. ಅದನ್ನು ನಿನ್ನ ಕೈಯಿಂದಲೂ ಒಂದು ಸಾಲು ಬರೆದು ಕಳಿಸು, ಓದಿ ಹೇಳುತ್ತೇನೆ.

ಈಗಲೇ ಬೋನು ಇಡುವುದಕ್ಕಾಗುವುದಿಲ್ಲ. ಮೂವತ್ತನೇ ತಾರೀಕು ಊರೊಟ್ಟಿನ ಊಟ ಇದೆ. ಅದು ಮುಗಿಯಲಿ.

ಇಂತಿ
ಮಲ್ಲಿಕಾರ್ಜುನಪ್ಪ


ಮದರಾಸು
೧-೨-೧೯೮೧

ಪ್ರೀತಿಯ ಮಾವ,

ಈರಕ್ಕನಿಗೆ ಓದಿ ಹೇಳಿ: ಕೋತಿಗಳ ಒಂದು ಕೂದಲೂ ಕೊಂಕುವುದಿಲ್ಲ. ವಾರಕ್ಕೊಮ್ಮೆ ಬೆರಳಷ್ಟು ರಕ್ತ ತೆಗೆಯುತ್ತೇವೆ, ಬಾಳೆಹಣ್ಣು ಕೊಡುತ್ತೇವೆ, ಅಷ್ಟೇ. ಹಾಲುಕಟ್ಟೆಯ ಮರದ ಮೇಲಿಗಿಂತ ಇಲ್ಲೇ ಸುಖವಾಗಿರುತ್ತವೆ.

ಮೂವತ್ತರ ಊಟ ಯಾರ ಮನೆಯದು? ಮಾಘದ ಮದುವೆಯೇ? ನನಗೆ ಯಾರೂ ಹೇಳಲೇ ಇಲ್ಲ. ಹೋಳಿಗೆಯ ಸುದ್ದಿ ಮುಚ್ಚಿಟ್ಟಿರಿ ಎಂದು ಕೋಪ.

ನಮೂನೆಯ ನಾಲ್ಕನೇ ಕಲಮು ಮರೆಯಬೇಡಿ. ಉಳಿದದ್ದು ಹೆಚ್ಚು ಕಮ್ಮಿ ಆದರೂ ನಡೆಯುತ್ತದೆ.

ನಿಮ್ಮ
ಪಂಕಜಾಕ್ಷಿ


ಹಾಲುಕಟ್ಟೆ
೯-೨-೧೯೮೧

ಚಿ. ಪಂಕಜಾಕ್ಷಿಗೆ ಆಶೀರ್ವಾದ.

ಹತ್ತು ಕೋತಿಗಳನ್ನು ಬೀರೂರಿನಲ್ಲಿ ರೈಲಿಗೆ ಹತ್ತಿಸಿದ್ದೇನೆ. ನಿಮ್ಮ ಆಸ್ಪತ್ರೆಯಿಂದ ಬಂದ ಇಬ್ಬರೂ ಜಾಗರೂಕ ಜನ, ಕೈಗೆ ಚೀಲ ಹಾಕಿಕೊಂಡೇ ಮುಟ್ಟಿದರು. ನಮೂನೆಯನ್ನು ಅವರ ಕೈಲೇ ಕೊಟ್ಟಿದ್ದೇನೆ. ಅದರ ನಕಲು ಇಲ್ಲಿದೆ.

ಹಿಡಿದ ಸ್ಥಳ: ಹಾಲುಕಟ್ಟೆ ಗ್ರಾಮ, ಕೆರೆ ಕೆಳಗಿನ ತೆಂಗಿನ ತೋಟ.
ಸಂಖ್ಯೆ: ಗಂಡು ನಾಲ್ಕು, ಹೆಣ್ಣು ಆರು.
ಕಾಡಿನಿಂದ ದೂರ: ಮೂವತ್ತು ಮೈಲಿಗೆ ಕಡಿಮೆ ಇಲ್ಲ.
ಕಳೆದ ಮೂರು ತಿಂಗಳಲ್ಲಿ ಸುತ್ತಮುತ್ತ ಸತ್ತ ಕೋತಿಗಳು: ಇಲ್ಲ.
ಸುತ್ತಮುತ್ತ ಜ್ವರ ಬಿದ್ದ ಜನ: ಇಲ್ಲ.

ಅಸಲಿನಲ್ಲಿ ನಾಲ್ಕನೇ ಕಲಮಿನ ಹತ್ತಿರ ಶಾಯಿ ಸ್ವಲ್ಪ ಕಲೆಸಿದೆ. ಕೈ ಬೆವರಿತ್ತು. ಅನ್ಯಥಾ ಭಾವಿಸಬೇಡ.

ಊಟದ ವಿಷಯ ಕೇಳಿದ್ದೀಯ. ಅದು ಮದುವೆಯಲ್ಲ, ಊರಿನ ಒಂದು ಸಣ್ಣ ಕಾರ್ಯ.

ಮಲ್ಲಿಕಾರ್ಜುನಪ್ಪ


ಹಾಲುಕಟ್ಟೆ
೧೪-೨-೧೯೮೧

ಪಂಕಜಾಕ್ಷಿ,

ಕ್ಷೇಮಸಮಾಚಾರ ಬರೆಯುವ ಕಾಗದವಲ್ಲ ಇದು. ನಿನ್ನ ನಮೂನೆಗೆ ನಾನು ಸುಳ್ಳು ಬರೆದೆ.

ಜನವರಿ ಇಪ್ಪತ್ತನೇ ತಾರೀಕು ಬೆಳಿಗ್ಗೆ ಗುಡಿಯ ಹಿಂದಿನ ಅರಳಿಮರದ ಕೆಳಗೆ ಒಂದು ಕೋತಿ ಸತ್ತು ಬಿದ್ದಿತ್ತು. ಮೂಗಿನಲ್ಲಿ ರಕ್ತ ಒಣಗಿತ್ತು. ನಮ್ಮೂರಲ್ಲಿ ಕೋತಿ ಸತ್ತರೆ ಏನು ಮಾಡುತ್ತಾರೆಂದು ನಿನಗೆ ಗೊತ್ತಿದೆ. ಈರಕ್ಕ ಬಿಸಿನೀರು ಕಾಯಿಸಿ ಮೈ ತೊಳೆದಳು. ನಾನು ಹಣೆಗೆ ವಿಭೂತಿ ಹಚ್ಚಿದೆ. ನಮ್ಮ ಹಿರಿಯರನ್ನು ಕೂರಿಸುವ ಹಾಗೆಯೇ ಕೂರಿಸಿ, ಪತ್ರೆ ಹಾಕಿ, ಗುಡಿಯ ಮಗ್ಗುಲಲ್ಲಿ ಮಣ್ಣು ಮಾಡಿದೆವು. ನೀನು ಮದುವೆ ಅಂದುಕೊಂಡ ಊಟ ಅದರ ಹನ್ನೊಂದನೇ ದಿನದ್ದು.

ಯಾಕೆ ಮುಚ್ಚಿಟ್ಟೆ ಅನ್ನುತ್ತೀಯ. ಮೂರು ವರ್ಷದ ಹಿಂದೆ ಲಕ್ಕವಳ್ಳಿ ಹತ್ತಿರದ ಒಂದೂರಿನಲ್ಲಿ ಹೀಗೇ ಹೂತಿದ್ದನ್ನು ಆರೋಗ್ಯದವರು ಬಂದು ಅಗೆದು, ರಸ್ತೆ ಬದಿಯಲ್ಲೇ ಹೊಟ್ಟೆ ಸೀಳಿ ಸೀಸೆಗೆ ತುಂಬಿಕೊಂಡು ಹೋದರಂತೆ. ಆ ಕಥೆ ಇಲ್ಲಿಗೂ ಬಂದಿತ್ತು. "ನಮ್ಮಪ್ಪನ ಗುಂಡೀನ ಹಂಗ್ ಅಗೀತಾರೇನ್ರೀ? ಹೊರಗೆ ಯಾರೂ ಬಾಯಿ ಬಿಡಂಗಿಲ್ಲ," ಅಂತ ಊರು ಕೂಡಿ ಗಂಟೆ ಮುಟ್ಟಿತು. ಮೊದಲು ಮುಟ್ಟಿದ ಕೈ ನನ್ನದು. ನಿನ್ನ ಕೋತಿಗಳಿಗೆ ಅಪಾಯವಿಲ್ಲವೆಂದು ಮುಟ್ಟಿದ್ದೂ ಅದೇ ಗಂಟೆ.

ಇನ್ನೊಂದು ಇದೆ. ಆ ಹೊಸ ಗುಂಪು ಎಲ್ಲಿಂದ ಬಂತೆಂದು ಹನುಮಂತನಿಗೊಬ್ಬನಿಗೇ ಅಲ್ಲ, ನನಗೂ ಗೊತ್ತು. ಲಕ್ಕವಳ್ಳಿ ಕಡೆಯ ತೋಟದವರು ಕಾಟ ತಡೆಯಲಾರದೆ ಹಿಡಿಸಿ, ಸಂತೆ ದಿನ ಊರು ಖಾಲಿಯಿದ್ದಾಗ ಲಾರಿಯಲ್ಲಿ ತಂದು ನಮ್ಮ ಕೆರೆ ಏರಿ ಮೇಲೆ ಬಿಟ್ಟು ಹೋದರು. ನಾವೇನು ಕಮ್ಮಿ, ನಾವೂ ಹಿಂದೆ ದೇವನೂರು ಎಲ್ಲೆಯಲ್ಲಿ ಬಿಟ್ಟು ಬಂದಿದ್ದೇವೆ. ಲಾರಿ ಡ್ರೈವರ್ ಚೌಡಪ್ಪ ನಮ್ಮ ಜಗಲಿ ಮೇಲೇ ಕೂತು ಮಜ್ಜಿಗೆ ಕುಡಿದು, "ಬೈಬೇಡ್ರಿ ಗೌಡ್ರೆ, ಹನುಮಂತ ದೇಶ ಸುತ್ತೋನು," ಅಂತ ನಕ್ಕು ಹೋದ. ಸತ್ತದ್ದು ಆ ಗುಂಪಿನದು. ನಿನಗೆ ಕಳಿಸಿದ ಹತ್ತರಲ್ಲಿ ಎಷ್ಟು ಆ ಗುಂಪಿನವು ಎಂದು ನನಗೆ ಗೊತ್ತಿಲ್ಲ. ಹಿಡಿದದ್ದು ಹಾಲುಕಟ್ಟೆಯಲ್ಲಿ ಅನ್ನುವುದೇನೋ ನಿಜ. ಪಟೇಲನಿಗೆ ಇಂಥ ನಿಜ ಬರೆಯುವುದು ಚೆನ್ನಾಗಿ ಗೊತ್ತು.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈರಕ್ಕ ಮಲಗಿ ಹದಿನಾಲ್ಕು ದಿನ ಆಯಿತು. ಜ್ವರ, ಕಣ್ಣು ಕೆಂಡ, ನಿನ್ನೆ ವಸಡಿನಲ್ಲಿ ರಕ್ತ. ನಮೂನೆ ಬರೆಯುವಾಗ ಅವಳು ಪಕ್ಕದ ಬೀದಿಯಲ್ಲೇ ನರಳುತ್ತಿದ್ದಳು. ಅಲ್ಲೂ ಇಲ್ಲ ಅಂತ ಬರೆದೆ. ಆ ಹತ್ತನ್ನು ನೀನು ಮುಟ್ಟಬೇಡ, ಯಾರೂ ಮುಟ್ಟಬಾರದು.

ಮಲ್ಲಿಕಾರ್ಜುನಪ್ಪ

೧೬-೨-೮೧. ಇದನ್ನು ಜೇಬಿನಲ್ಲಿಟ್ಟುಕೊಂಡು ಸಿಂಗಟಗೆರೆ ಅಂಚೆ ಡಬ್ಬಕ್ಕೆ ಹೊರಟಿದ್ದೆ. ದಾರಿಯಲ್ಲಿ ಈರಕ್ಕನ ಮನೆ. ಅವಳು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. "ಚಳಿ ಜ್ವರ ಕಣ್ರೀ, ಬಿಡ್ತು," ಅಂದಳು. ಹಾಗಿದ್ದರೆ ಎಲ್ಲ ನನ್ನ ಭ್ರಮೆ ಇರಬೇಕು. ಹೇಗೂ ವಾರಕ್ಕೆ ಬೆರಳಷ್ಟು ರಕ್ತ, ಅಷ್ಟೇ ತಾನೆ. ಕಾಗದ ವಾಪಸ್ ತಂದೆ.


ಮದರಾಸು
೨೧-೨-೧೯೮೧

ನನ್ನ ಮಾವನಿಗೆ,

ಎಲ್ಲಿಂದ ಶುರು ಮಾಡಲಿ? ಮೊದಲು ಬೈಸಿಕೊಳ್ಳುತ್ತೇನೆ, ಆಮೇಲೆ ಸಂತೋಷ ಹೇಳುತ್ತೇನೆ. ನಿಮಗೂ ಈರಕ್ಕನಿಗೂ ನಾನು ಸುಳ್ಳು ಹೇಳಿದ್ದೆ. ಕೋತಿಗಳು ಬರೀ ರಕ್ತ ಕೊಡುವುದಕ್ಕಲ್ಲ. ನಮ್ಮ ದೊಡ್ಡ ಡಾಕ್ಟರು ಮೂರು ವರ್ಷದಿಂದ ಒಂದು ಕೆಲಸದಲ್ಲಿದ್ದಾರೆ. ಕಾಮಾಲೆ ಏರಿ ಲಿವರ್ ನಿಂತುಹೋದವರ ರಕ್ತವನ್ನು ಕೊಳವೆಯಲ್ಲಿ ಹೊರಗೆ ತಂದು, ಕೋತಿಯ ಲಿವರಿನೊಳಗೆ ಹಾಯಿಸಿ, ಶುದ್ಧವಾದದ್ದನ್ನು ಮತ್ತೆ ಅವರ ಮೈಗೆ ಬಿಡುವುದು. ನಾಲ್ಕು ದಿನ ಹೀಗೆ ಆಸರೆ ಕೊಟ್ಟರೆ ಅವರದೇ ಲಿವರ್ ಚೇತರಿಸಿಕೊಳ್ಳಬಹುದು. ಕೋತಿ ಉಳಿಯುವುದಿಲ್ಲ. ಇದನ್ನು ಬರೆದಿದ್ದರೆ ನೀವು ಬೋನು ಮುಟ್ಟುತ್ತಿದ್ದಿರಾ?

ಹದಿನೇಳಕ್ಕೆ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ತಂದರು. ಹೊಸೂರಿನ ಹತ್ತಿರದ ಹಳ್ಳಿ, ಮನೆಮಾತು ಕನ್ನಡ. ಮೈಯೆಲ್ಲ ಅರಿಸಿನ, ಎಚ್ಚರವೇ ಇಲ್ಲ. ಇನ್ನೊಂದು ದಿನ ಎಂದರು. ಕೋತಿಗಳು ಬಂದು ಆರೇ ದಿನವಾಗಿತ್ತು, ಪುಣೆಯ ಉತ್ತರ ಬಂದಿರಲಿಲ್ಲ. ನನ್ನ ನಲವತ್ತು ದಿನದ ನಿಯಮ ನಾನೇ ಮುರಿಯಬೇಕಿತ್ತು. ದೊಡ್ಡ ಡಾಕ್ಟರು ಕೇಳಿದ್ದು ಇಷ್ಟೇ: "ನೀನು ಸಹಿ ಹಾಕುತ್ತೀಯ?" ಅವಳ ತಾಯಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಿಮ್ಮ ನಮೂನೆ ತೆಗೆದು ನೋಡಿದೆ, ನಾಲ್ಕನೇ ಕಲಮಿನಲ್ಲಿ ನಿಮ್ಮ ಅಕ್ಷರ. ಸಹಿ ಹಾಕಿದೆ.

ಮಾವ, ಹತ್ತೊಂಬತ್ತರ ಮಧ್ಯಾಹ್ನ ಅವಳು ಕಣ್ಣು ಬಿಟ್ಟಳು! ನಿನ್ನೆ ನನ್ನ ಹತ್ತಿರ, "ಅಕ್ಕಾ, ಮಜ್ಜಿಗೆ ಐತಾ?" ಎಂದು ಕೇಳಿದಳು. ಆಸ್ಪತ್ರೆಯೆಲ್ಲ ಬಂದು ನೋಡಿ ಹೋಗುತ್ತಿದೆ. ಅವಳ ಹೆಸರೇನು ಗೊತ್ತೇ? ಅಂಜಿನಮ್ಮ. ಅವರ ಮನೆದೇವರು ಆಂಜನೇಯ. ಈರಕ್ಕನಿಗೆ ನಿಧಾನವಾಗಿ ಹೇಳಿ, ಕೋತಿ ಸುಮ್ಮನೆ ಸಾಯಲಿಲ್ಲ, ತನ್ನ ಹೆಸರಿನ ಹುಡುಗಿಯನ್ನು ಎಬ್ಬಿಸಿ ಹೋಯಿತು ಎಂದು. ನನ್ನನ್ನು ಎಷ್ಟು ಬೇಕಾದರೂ ಬಯ್ಯಿರಿ.

ನಿಮ್ಮ
ಪಂಕಜಿ


ತಂತಿ
ಕಡೂರು, ೨೬-೨-೧೯೮೧

ಜನವರಿಯಲ್ಲಿ ಇಲ್ಲಿ ಕೋತಿ ಸತ್ತಿತ್ತು. ಮುಟ್ಟಿದವಳಿಗೆ ಜ್ವರ. ನಮೂನೆ ಸುಳ್ಳು. ಮಗುವನ್ನು ನೋಡಿಕೊ. ಕಾಗದ ಬರುತ್ತಿದೆ. ಮಲ್ಲಿಕಾರ್ಜುನಪ್ಪ.


ಕಡೂರು
೨೬-೨-೧೯೮೧

ಪಂಕಜಾಕ್ಷಿ,

ತಂತಿ ಕೊಟ್ಟು ಇಲ್ಲೇ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಹದಿನಾಲ್ಕನೇ ತಾರೀಕಿನ ಕಾಗದ ಇದರೊಳಗಿದೆ. ಅಡಿಯಲ್ಲಿ ಬರೆದದ್ದನ್ನೂ ಹರಿಯದೆ ಹಾಗೇ ಕಳಿಸುತ್ತಿದ್ದೇನೆ. ಹದಿನಾರಕ್ಕೆ ನಾನು ಒಂದು ತಂತಿ ಕೊಟ್ಟಿದ್ದರೆ ನೀನು ಹದಿನೇಳಕ್ಕೆ ಸಹಿ ಹಾಕುತ್ತಿರಲಿಲ್ಲ. ಲೆಕ್ಕ ಅಷ್ಟು ನೇರವಾಗಿದೆ, ಎಲ್ಲೂ ತಪ್ಪಿಸಿಕೊಳ್ಳುವುದಕ್ಕೆ ಜಾಗವಿಲ್ಲ.

ಮನುಷ್ಯರ ಮೈಗೆ ಹೋಗುತ್ತದೆಂದು ಗೊತ್ತಿದ್ದರೆ ಹೇಳುತ್ತಿದ್ದೆ ಅಂತ ಬರೆಯಬೇಕೆನ್ನಿಸುತ್ತದೆ. ಬರೆದರೆ ತಪ್ಪನ್ನು ನಿನ್ನ ಮೇಲೆ ಹಾಕಿದ ಹಾಗೆ. ಅದಕ್ಕೇ ಬರೆಯುವುದಿಲ್ಲ.

ಮಗುವಿಗೆ ಏನೂ ಆಗಬಾರದು. ಇಷ್ಟಲಿಂಗ ಕೈಯಲ್ಲಿ ಹಿಡಿದರೆ ಅದೊಂದೇ ಮಾತು ಬರುತ್ತದೆ.

ಮಲ್ಲಿಕಾರ್ಜುನಪ್ಪ


ಹಾಲುಕಟ್ಟೆ
೧೦-೩-೧೯೮೧

ಮಗು ಹೇಗಿದೆ? ಕಾರ್ಡಿನಲ್ಲಿ ಒಂದು ಸಾಲು ಬರೆದರೆ ಸಾಕು.


ಹಾಲುಕಟ್ಟೆ
೨೮-೩-೧೯೮೧

ಅಜ್ಜಂಪುರಕ್ಕೆ ಹೋಗಿ ನಿಮ್ಮವ್ವ ಕಾಶಕ್ಕನನ್ನು ಕೇಳಿದೆ. ಅವಳಿಗೂ ನೀನು ಏನೂ ಬರೆದಿಲ್ಲವಂತೆ. "ನೀವಿಬ್ರೂ ಏನ್ ಮುಚ್ಚಿಟ್ಕೊಂಡಿದ್ದೀರಪ್ಪಾ?" ಅಂತ ನನ್ನನ್ನೇ ಕೇಳಿದಳು. ಎದ್ದು ಬಂದೆ. ಅಂಜಿನಮ್ಮ ಮಜ್ಜಿಗೆ ಕುಡಿಯುತ್ತಿದ್ದಾಳೆ ತಾನೆ?


ಮದರಾಸು
೨೨-೪-೧೯೮೧

ಶ್ರೀ ಮಲ್ಲಿಕಾರ್ಜುನಪ್ಪನವರಿಗೆ,

ಅಂಜಿನಮ್ಮನಿಗೆ ಫೆಬ್ರವರಿ ೨೪ರಂದು ಜ್ವರ ಬಂತು. ಮಾರ್ಚ್ ೫ರಂದು ತೀರಿಕೊಂಡಳು. ಪುಣೆಯ ವರದಿ ಈಗ ಕೈಸೇರಿದೆ. ನೀವು ಕಳಿಸಿದ ಹತ್ತು ಕೋತಿಗಳಲ್ಲಿ ಎರಡರ ರಕ್ತದಲ್ಲಿ ಮಂಗನ ಕಾಯಿಲೆಯ ವೈರಸ್ ಇತ್ತು. ಒಂದು, ಅವಳಿಗೆ ಬಳಸಿದ್ದು. ಅವಳ ರಕ್ತದಲ್ಲೂ ಅದೇ ಇತ್ತು. ಲಿವರ್ ಚೇತರಿಸಿಕೊಳ್ಳುತ್ತಿತ್ತು ಎಂದು ಶವಪರೀಕ್ಷೆಯಲ್ಲಿ ಕಂಡಿದೆ.

ಉಳಿದ ಒಂಬತ್ತನ್ನೂ ಕೊಂದು ಸುಟ್ಟಿದ್ದೇವೆ. ಈರಕ್ಕನಿಗೆ ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು.

ನಿಮ್ಮ ಅಕ್ಷರ ನಂಬಿ ನಾನು ಒಂದು ಮಗುವನ್ನು ಕೊಂದೆ. ಇನ್ನು ನನಗೆ ಬರೆಯಬೇಡಿ.

ಪಂಕಜಾಕ್ಷಿ


ಹಾಲುಕಟ್ಟೆ
೧೮-೧-೧೯೮೨

ಪಂಕಜಾಕ್ಷಿ,

ಬರೆಯಬೇಡ ಅಂದಿದ್ದೆ. ಒಂಬತ್ತು ತಿಂಗಳು ಸುಮ್ಮನಿದ್ದೆ. ಇದನ್ನು ನಿನ್ನ ಮಾವ ಬರೆಯುತ್ತಿಲ್ಲ, ನಿನ್ನ ನಮೂನೆ ತುಂಬಿಸುವವನು ಬರೆಯುತ್ತಿದ್ದಾನೆ ಅಂದುಕೋ.

ಹೋದ ತಿಂಗಳು ಹನ್ನೊಂದನೇ ತಾರೀಕು ನಮ್ಮ ಕೆರೆ ಏರಿ ಮೇಲೆ ಒಂದು ಕೋತಿ ಸತ್ತು ಬಿತ್ತು. ನಾನು ಹೋಗುವಷ್ಟರಲ್ಲಿ ಹೂವು, ಹೊಸ ಬಟ್ಟೆ ಎಲ್ಲ ಬಂದಿತ್ತು. ಯಾರೂ ಮುಟ್ಟಬೇಡಿ ಅಂದೆ. ಕೇಳಲಿಲ್ಲ, ಹೂತರು. ನಾನು ಮೊದಲನೇ ಬಸ್ಸಿಗೆ ತರೀಕೆರೆಗೆ ಹೋಗಿ ಆರೋಗ್ಯದವರಿಗೆ ಬರೆದುಕೊಟ್ಟೆ. ಮೂರನೇ ದಿನ ಜೀಪು ಬಂತು. ಅವರಿಗೆ ಜಾಗ ತೋರಿಸಿದವನೂ ನಾನೇ. ಹಳೆಯದರ ಜಾಗವನ್ನೂ ತೋರಿಸಿದೆ. ಅವರು ಅಗೆಯುವಾಗ ಊರು ಕೂಡಿ ನಿಂತು ನೋಡುತ್ತಿತ್ತು, ನನ್ನನ್ನು.

ಆಗ ಎಲ್ಲವನ್ನೂ ಹೇಳಿಬಿಟ್ಟೆ. ಹತ್ತು ಕೋತಿ ಏನಾದವು, ಮಗು ಏನಾಯಿತು, ನಾನೇನು ಬರೆದಿದ್ದೆ ಎಲ್ಲ. ಈರಕ್ಕ ಮುಂದೆ ಬಂದು, "ನಾನು ಮೈ ತೊಳ್ದೆ, ನೀವು ಕಾಗ್ದ ಬರುದ್ರಿ. ನನ್ ಕೈ ಸೀಗೆಕಾಯಿ ಹಾಕಿ ಉಜ್ಜುದ್ರೆ ಹೋಯ್ತು ಪಟೇಲ್ರೆ. ನಿಮ್ ಕೈ ಏನ್ ಮಾಡ್ತೀರಿ?" ಅಂದಳು. ಅವಳು ಬೈದದ್ದಲ್ಲ, ನಿಜವಾಗಿ ಕೇಳಿದ್ದು. ಅದಕ್ಕೇ ಹೆಚ್ಚು ನೋವಾಯಿತು.

ಈಗ ಊರಲ್ಲಿ ಯಾರೂ ನನ್ನನ್ನು ಮಣ್ಣಿಗೆ ಕರೆಯುವುದಿಲ್ಲ. ಹೋದರೆ ಜಾಗ ಬಿಟ್ಟು ನಿಲ್ಲುತ್ತಾರೆ. ಪಟೇಲನ ಮನೆಯವನು ವಿಭೂತಿ ಹಚ್ಚದೆ ಈ ಊರಲ್ಲಿ ಯಾರೂ ಗುಂಡಿಗೆ ಇಳಿದದ್ದಿಲ್ಲ. ಈಗ ಇಳಿಯುತ್ತಿದ್ದಾರೆ. ಸರಿಯಾಗಿಯೇ ಇದೆ.

ಇನ್ನು ಮೇಲೆ ತಿಂಗಳಿಗೊಂದು ಕಾರ್ಡು ಬರೆಯುತ್ತೇನೆ. ಓದಬೇಕೆಂದಿಲ್ಲ.

ಮಲ್ಲಿಕಾರ್ಜುನಪ್ಪ


ಹಾಲುಕಟ್ಟೆ
೧-೩-೧೯೮೩

ಫೆಬ್ರವರಿ ತಿಂಗಳು. ಸತ್ತ ಕೋತಿಗಳು: ಇಲ್ಲ. ಇದು ನಿಜ, ನಾಲ್ಕೂ ದಿಕ್ಕು ನಡೆದು ನೋಡಿದ್ದೇನೆ. ಜ್ವರ ಬಿದ್ದವರು: ಇಬ್ಬರು, ಇಬ್ಬರೂ ಗುಣ. ಲಾರಿಯಲ್ಲಿ ಬಿಟ್ಟು ಹೋದ ಕೋತಿಗಳು: ಇಲ್ಲ. ಚೌಡಪ್ಪ ಸಿಕ್ಕಿದ್ದ. ಲಾರಿ ತಿರುಗಿಸಿ ಕಳಿಸಿದೆ.


ಹಾಲುಕಟ್ಟೆ
೧-೪-೧೯೮೪

ಮಾರ್ಚ್ ತಿಂಗಳು. ಸತ್ತ ಕೋತಿಗಳು: ಒಂದು, ಲೈನಿನ ಕರೆಂಟು ಹೊಡೆದು. ಆದರೂ ತರೀಕೆರೆಗೆ ತಿಳಿಸಿದ್ದೇನೆ. ಜ್ವರ ಬಿದ್ದವರು: ಇಲ್ಲ. ಈ ತಿಂಗಳು ನನಗೆ ಕಣ್ಣು ಸ್ವಲ್ಪ ಮಂಜು. ಅಕ್ಷರ ಓರೆಯಾದರೆ ಅದಕ್ಕೆ.


ಮದರಾಸು
೨೫-೧೧-೧೯೮೪

ಮಾವ,

ನಿಮ್ಮ ಮೂವತ್ತನಾಲ್ಕು ಕಾರ್ಡುಗಳೂ ನನ್ನ ಮೇಜಿನ ಮೇಲಿವೆ. ಒಂದನ್ನೂ ಓದದೆ ಬಿಟ್ಟಿಲ್ಲ. ಉತ್ತರ ಬರೆಯದಿದ್ದುದು ಸಿಟ್ಟಿಗಲ್ಲ, ಹೆದರಿಕೆಗೆ.

ಅಮೆರಿಕದಲ್ಲಿ ಹಸುಗೂಸೊಂದಕ್ಕೆ ಬಬೂನಿನ ಹೃದಯ ಹಾಕಿದ್ದು, ಅದು ಈಚೆಗೆ ತೀರಿಕೊಂಡಿದ್ದು ಪೇಪರಿನಲ್ಲಿ ಬಂದಿದೆ, ನೋಡಿರಬಹುದು. ಅದನ್ನು ಓದಿದ ಮೇಲೆ ಮೂರು ದಿನ ಕೆಲಸ ಮಾಡಲಾಗಲಿಲ್ಲ. ನಮ್ಮ ದೊಡ್ಡ ಡಾಕ್ಟರು ಮತ್ತೆ ಶುರು ಮಾಡೋಣ ಎನ್ನುತ್ತಿದ್ದಾರೆ. ಹೂಂ ಎನ್ನುವ ಮೊದಲು ಇದನ್ನು ನಿಮಗೆ ಬರೆಯಲೇಬೇಕು.

ನಿಮ್ಮ ಅಕ್ಷರ ನಂಬಿ ಕೊಂದೆ ಎಂದು ಬರೆದಿದ್ದೆನಲ್ಲ. ಅದು ಸುಳ್ಳು. ನಾಲ್ಕನೇ ಕಲಮಿನಲ್ಲಿ ಶಾಯಿ ಕಲೆಸಿರಲಿಲ್ಲ ಮಾವ. ನೀವು ಮೊದಲು ಒಂದು ಎಂದು ಅಂಕಿ ಬರೆದು, ಬ್ಲೇಡಿನಲ್ಲಿ ಕೆರೆದು, ಅದರ ಮೇಲೆ ಇಲ್ಲ ಎಂದು ಬರೆದಿದ್ದಿರಿ. ಆ ದಿನ ಸಹಿ ಹಾಕುವ ಮೊದಲು ನಾನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆ. ಕೆರೆದ ಜಾಗ ತೆಳ್ಳಗಾಗಿ, ಒಂದರ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಜನನ ಮರಣದ ರಿಜಿಸ್ಟರನ್ನು ಒಂದು ಚಿತ್ತು ಕಾಟಿಲ್ಲದೆ ಬರೆದವರು ನೀವು. ನೀವು ಯಾಕೆ ಕೆರೆದಿರಿ ಎಂದು ನನಗೆ ಆಗಲೇ ಅರ್ಥವಾಗಿತ್ತು. ಊಟ ಮದುವೆಯದಲ್ಲ ಎಂದು ಬರೆದಿದ್ದಿರಿ, ನನ್ನ ಊರಿನಲ್ಲಿ ಹನ್ನೊಂದನೇ ದಿನದ ಊಟ ಯಾರಿಗೆಲ್ಲ ಹಾಕುತ್ತಾರೆಂದು ನನಗೆ ಗೊತ್ತಿಲ್ಲವೇ? ಬಾಗಿಲಲ್ಲಿ ಆ ತಾಯಿ ನಿಂತಿದ್ದಳು. ಕಾಗದವನ್ನು ಕೆಳಗಿಟ್ಟು ಸಹಿ ಹಾಕಿದೆ. ಆಮೇಲೆ ನಿಮ್ಮ ತಂತಿ ಬಂದಾಗ ಮೊದಲು ನನಗಾದದ್ದು ಏನು ಗೊತ್ತೇ? ಸಮಾಧಾನ. ತಪ್ಪಿಗೆ ಒಬ್ಬ ಒಡೆಯ ಸಿಕ್ಕಿದ ಎಂಬ ಸಮಾಧಾನ. ಮೂರೂವರೆ ವರ್ಷ ಇಡೀ ಭಾರ ನಿಮ್ಮ ತಲೆ ಮೇಲಿಟ್ಟು ನಾನು ಸುಮ್ಮನೆ ಕೂತಿದ್ದೆ.

ಹೋದ ವಾರ ಹೊಸೂರಿನ ಕಡೆ ಹೋಗಿ ಅಂಜಿನಮ್ಮನ ತಾಯಿಯನ್ನು ಕಂಡೆ. ಕೆರೆದ ಅಂಕಿಯ ಸಮೇತ ಎಲ್ಲ ಹೇಳಿದೆ. ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಲಿಲ್ಲ. ಬೀಸುತ್ತಲೇ, "ನಂಗೊಂದು ಹೇಳವ್ವಾ. ಹಿಂಗೈತೆ ಅಂತ ಆಗ್ಲೇ ನಂಗೆ ಹೇಳಿದ್ರೆ, ನಾನೇನ್ ಅಂತಿದ್ದೆ? ಮಾಡಿ ಅಂತಿದ್ದೆ. ಆದ್ರೆ ನಾನು ಅಂದಂಗಾಗ್ತಿತ್ತಲ್ಲ," ಎಂದಳು. ಅಷ್ಟೇ. ನೀರು ಕೊಟ್ಟಳು, ಕುಡಿದು ಬಂದೆ. ನಮಗೆ ತೋಚದೇ ಹೋದದ್ದು ಅದೊಂದೇ, ಅವಳನ್ನು ಕೇಳುವುದು.

ಈಗ ನಾನು ಬೇರೆ ಕೋತಿಗಳನ್ನು ಸಾಕುತ್ತಿದ್ದೇನೆ. ಕಾಡನ್ನೂ ಊರನ್ನೂ ಕಂಡಿಲ್ಲ, ಇಲ್ಲೇ ಹುಟ್ಟಿದವು. ತಾಯಿ ನೆಕ್ಕಿದರೂ ವೈರಸ್ ದಾಟಬಹುದೆಂದು ಹುಟ್ಟಿದ ಗಳಿಗೆಯಲ್ಲೇ ಬೇರೆ ಮಾಡಿ ಸೀಸೆಯಲ್ಲಿ ಹಾಲು ಕುಡಿಸುತ್ತೇವೆ. ಚಿಂದಿ ಬಟ್ಟೆಯನ್ನು ಅವ್ವನೆಂದು ತಬ್ಬಿ ಮಲಗುತ್ತವೆ. ಇದೂ ಪುಣ್ಯದ ಕೆಲಸವೇನಲ್ಲ. ಆದರೆ ಇವುಗಳ ಬಗ್ಗೆ ಯಾರೂ ಯಾರಿಗೂ ಸುಳ್ಳು ಬರೆಯಬೇಕಾಗಿಲ್ಲ. ಪುಣೆಯಿಂದ ಉತ್ತರ ಬರದೆ, ರೋಗಿಯ ಮನೆಯವರಿಗೆ ಎಲ್ಲ ಹೇಳದೆ ಒಂದನ್ನೂ ಕೊಡುವುದಿಲ್ಲ ಎಂದು ದೊಡ್ಡ ಡಾಕ್ಟರಿಗೆ ಬರೆದುಕೊಟ್ಟಿದ್ದೇನೆ. ಅವರು ಒಪ್ಪದಿದ್ದರೆ ಅಜ್ಜಂಪುರಕ್ಕೆ ಬಂದು ಎಮ್ಮೆಗಳಿಗೆ ಚುಚ್ಚುಮದ್ದು ಹಾಕಿಕೊಂಡಿರುತ್ತೇನೆ.

ಆ ಹಳೆಯ ನಮೂನೆಯನ್ನು ವಾಪಸ್ ಕಳಿಸುತ್ತಿದ್ದೇನೆ. ಅದು ಫೈಲಿನಲ್ಲಿ ಹಾಗೇ ಇರುವುದು ನನಗೆ ಬೇಡ. ಏನು ಮಾಡಬೇಕೋ ನಿಮಗೆ ಗೊತ್ತಿದೆ.

ಪಂಕಜಿ


ಹಾಲುಕಟ್ಟೆ
೩-೧೨-೧೯೮೪

ಪಂಕಜಿ,

ನಿನ್ನ ಕಾಗದವನ್ನು ಈರಕ್ಕನಿಗೆ ಪೂರ್ತಿ ಓದಿ ಹೇಳಿದೆ. ಕೇಳಿ ಮುಗಿಸಿ, "ಅಂಗಾರೆ ಇಬ್ರು ಕೈಯೂ ಒಂದೇ," ಅಂದಳು. ಆಮೇಲೆ ನಮ್ಮ ಮನೆಯ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಮೂರು ವರ್ಷದ ಮೇಲೆ ಅವಳು ನಮ್ಮ ಜಗಲಿ ಹತ್ತಿದ್ದು.

ನಿನ್ನ ತಪ್ಪು ಕೇಳಿ ನನ್ನದು ಹಗುರಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ಕೆರೆದದ್ದು ನೀನು ನೋಡಿದ್ದೀಯ, ಸರಿ. ಕೆರೆದವನು ನಾನು.

ನವೆಂಬರ್ ತಿಂಗಳ ಲೆಕ್ಕ. ಸತ್ತ ಕೋತಿಗಳು: ಒಂದು, ಮೊನ್ನೆ ಮೂವತ್ತಕ್ಕೆ, ಗುಡಿಯ ಹಿಂದೆ ಅದೇ ಅರಳಿಮರದ ಕೆಳಗೆ. ಮುಟ್ಟಿದವರು: ಯಾರೂ ಇಲ್ಲ. ಈರಕ್ಕನೇ ಕೋಲು ಹಿಡಿದು ಕಾದಳು. ಜೀಪು ಬಂದು ಒಯ್ದಿತು. ವಿಭೂತಿ ಗಟ್ಟಿ ನನ್ನ ಕೈಯಲ್ಲೇ ಇತ್ತು, ಹಚ್ಚಲಿಲ್ಲ.

ಹಳೆಯ ನಮೂನೆ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಈ ಸಲ ಬ್ಲೇಡು ಮುಟ್ಟಿಲ್ಲ. ಪಟೇಲರ ರಿಜಿಸ್ಟರಿನಲ್ಲಿ ತಿದ್ದುವ ಹಾಗೆ, ತಪ್ಪು ಕಾಣುವಂತೆ ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಸತ್ತ ಕೋತಿಗಳು: ಒಂದು. ಜ್ವರ ಬಿದ್ದ ಜನ: ಒಬ್ಬಳು, ಈರಕ್ಕ.

ಅದರ ಕೆಳಗೆ ಆರನೇ ಕಲಮೊಂದನ್ನು ನಾನೇ ಎಳೆದಿದ್ದೇನೆ, ನಿನ್ನ ನಮೂನೆಯಲ್ಲಿ ಇರಲಿಲ್ಲ. ಅಲ್ಲಿ ಬರೆದಿದ್ದೇನೆ: ಅಂಜಿನಮ್ಮ, ಹನ್ನೊಂದು ವರ್ಷ. ಅದಕ್ಕೂ ನನ್ನ ಸಹಿ ಇದೆ. ಪಕ್ಕದಲ್ಲಿ ನಿನಗೆ ಜಾಗ ಬಿಟ್ಟಿದ್ದೇನೆ.

ಮಲ್ಲಿಕಾರ್ಜುನಪ್ಪ